ಸರ್ವರ್ ಸಿಗುತ್ತಿಲ್ಲ ಅಂದರೆ ಯಾವ ಥರ ಸಿಗುತ್ತಿಲ್ಲ?

ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ

ಈ ಸಂಚಿಕೆಗೆ ಆರಿಸಿಕೊಂಡ ಪ್ರಶ್ನೆಗಳೆಲ್ಲ ಸರ್ವರ್, ಪೋರ್ಟ್, ಫೈರ್‌ವಾಲ್‌ಗಳ ಸುತ್ತಲಿನವು. ಪೋರ್ಟ್ ಅಂದರೆ ಯಂತ್ರದಲ್ಲಿ ಒಂದೊಂದು ಸೇವೆಗೂ ಇರುವ ಸಂಖ್ಯೆಯ ಬಾಗಿಲು, ಫೈರ್‌ವಾಲ್ ಅಂದರೆ ಯಾವ ಕರೆಯನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನೋಡುವ ಕಾವಲು. ಕಮಾಂಡುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಅಚ್ಚು ಹಾಕಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ. ಅಂಕಿ, ಚುಕ್ಕಿ, ಅಲ್ಪವಿರಾಮ ಮಾತ್ರ ಇಲ್ಲಿರುವಂತೆಯೇ ಇರಲಿ.

ಪ್ರಶ್ನೆ: ನಮ್ಮದು ಹಾರ್ಡ್‌ವೇರ್ ಅಂಗಡಿ. ಒಳಕೋಣೆಯ ಕಂಪ್ಯೂಟರಿನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರಿನ ಡೇಟಾಬೇಸ್ ಇದೆ, ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್. ಮುಂದಿನ ಎರಡು ಕೌಂಟರುಗಳು ಅದಕ್ಕೆ ಕನೆಕ್ಟ್ ಆಗುತ್ತವೆ. ರೌಟರ್ ಬದಲಾಯಿಸಿದಂದಿನಿಂದ ಕೌಂಟರುಗಳಲ್ಲಿ ಸರ್ವರ್ ಸಿಗುತ್ತಿಲ್ಲ. ಇಂಟರ್ನೆಟ್ ಮಾತ್ರ ಎಲ್ಲದರಲ್ಲೂ ಬರುತ್ತಿದೆ. ಫೈರ್‌ವಾಲ್ ಆಫ್ ಮಾಡಿಬಿಡಿ ಎಂದು ಪರಿಚಯದವರು ಹೇಳುತ್ತಿದ್ದಾರೆ. ಮಾಡಬಹುದೇ? (ದಾವಣಗೆರೆಯ ಓದುಗರು)

ಉತ್ತರ: ಬೇಡ. ಆಫ್ ಮಾಡಿದರೆ ಸರಿಹೋದರೂ ಹೋದೀತು, ಆದರೆ ಏಕೆ ಕೆಟ್ಟಿತ್ತು ಎಂಬುದು ತಿಳಿಯುವುದಿಲ್ಲ, ಅಂಗಡಿಯ ಲೆಕ್ಕವೆಲ್ಲ ಇರುವ ಕಂಪ್ಯೂಟರ್ ಬಟ್ಟಬಯಲಲ್ಲಿ ಉಳಿಯುತ್ತದೆ.

ರೌಟರ್ ಬದಲಾದಾಗ ಸಾಮಾನ್ಯವಾಗಿ ಎರಡು ಸಂಗತಿ ಒಟ್ಟಿಗೇ ಆಗುತ್ತವೆ. ಒಂದನ್ನು ಸರಿಮಾಡಿದವರು ಇನ್ನೊಂದನ್ನು ಮರೆಯುತ್ತಾರೆ. ಮೊದಲನೆಯದು, ಐಪಿ ವಿಳಾಸ ಬದಲಾಗುತ್ತದೆ. ಹಳೆಯ ರೌಟರ್ 192.168.1 ಎಂದು ಶುರುವಾಗುವ ವಿಳಾಸ ಹಂಚುತ್ತಿದ್ದರೆ ಹೊಸದು 192.168.0 ಎಂದು ಹಂಚುತ್ತಿರಬಹುದು. ಕೌಂಟರಿನ ಸೆಟ್ಟಿಂಗಿನಲ್ಲಿ ಹಳೆಯ ವಿಳಾಸವೇ ಉಳಿದಿದ್ದರೆ ಅದು ಯಾರೂ ಇಲ್ಲದ ಮನೆಯ ಬಾಗಿಲು ಬಡಿಯುತ್ತಿರುತ್ತದೆ. ಎರಡನೆಯದು, ವಿಂಡೋಸ್ ಹೊಸ ರೌಟರನ್ನು ಹೊಸ ನೆಟ್‌ವರ್ಕ್ ಎಂದೇ ಎಣಿಸಿ ಅದಕ್ಕೆ 'ಪಬ್ಲಿಕ್' ಎಂಬ ಹಣೆಪಟ್ಟಿ ಹಚ್ಚುತ್ತದೆ. ಸಾಫ್ಟ್‌ವೇರ್ ಹಾಕಿಕೊಟ್ಟವರು ಫೈರ್‌ವಾಲಿನಲ್ಲಿ 'ಪ್ರೈವೇಟ್' ನೆಟ್‌ವರ್ಕಿಗೆ ಮಾತ್ರ ಅನುಮತಿ ಕೊಟ್ಟಿದ್ದರೆ ಆ ಅನುಮತಿ ಈಗ ಲೆಕ್ಕಕ್ಕಿಲ್ಲ.

ಒಳಕೋಣೆಯ ಕಂಪ್ಯೂಟರಿನಿಂದಲೇ ಶುರುಮಾಡಿ. ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್' ಕೊಡಿ, ಐಪಿವಿ4 ಎಂದಿರುವ ವಿಳಾಸವನ್ನು ಬರೆದುಕೊಳ್ಳಿ. 192.168.0.10 ಎಂದಿದೆ ಎಂದುಕೊಳ್ಳೋಣ. ಆಮೇಲೆ ಕೌಂಟರಿನ ಕಂಪ್ಯೂಟರಿಗೆ ಬಂದು ಪವರ್‌ಶೆಲ್‌ನಲ್ಲಿ 'ಟೆಸ್ಟ್-ನೆಟ್‌ಕನೆಕ್ಷನ್ 192.168.0.10 -ಪೋರ್ಟ್ 1433' ಎಂದು ಕೊಡಿ. ಕೊನೆಯ ಸಾಲಿನಲ್ಲಿ 'ಟಿಸಿಪಿಟೆಸ್ಟ್‌ಸಕ್ಸೀಡೆಡ್' ಎದುರು 'ಟ್ರೂ' ಬಂದರೆ ದಾರಿ ಸರಿಯಿದೆ, ಬಿಲ್ಲಿಂಗ್ ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ ಹೊಸ ವಿಳಾಸ ಹಾಕಿದರೆ ಮುಗಿಯಿತು. ಹಾಕುವಾಗ ಒಂದು ಎಚ್ಚರ: ಎಸ್‌ಕ್ಯೂಎಲ್ ಸರ್ವರ್‌ಗೆ ವಿಳಾಸ ಮತ್ತು ಪೋರ್ಟಿನ ನಡುವೆ ಅಲ್ಪವಿರಾಮ ಬರಬೇಕು, 192.168.0.10,1433 ಎಂದು. ಬೇರೆಲ್ಲ ಕಡೆ ಇರುವಂತೆ ಎರಡು ಚುಕ್ಕಿ ಹಾಕಿದರೆ ಕನೆಕ್ಟ್ ಆಗುವುದಿಲ್ಲ.

'ಫಾಲ್ಸ್' ಬಂದರೆ ಒಳಕೋಣೆಗೆ ವಾಪಸ್. 'ನೆಟ್‌ಸ್ಟ್ಯಾಟ್ -ಎಎನ್‌ಓ' ಕೊಟ್ಟು 1433 ಇರುವ ಸಾಲು ಹುಡುಕಿ. ಅಲ್ಲಿ 0.0.0.0:1433 ಮತ್ತು 'ಲಿಸನಿಂಗ್' ಎಂದಿದ್ದರೆ ಡೇಟಾಬೇಸ್ ಎಲ್ಲರ ಕರೆಗೂ ಕಿವಿಗೊಟ್ಟು ಕೂತಿದೆ, ತಡೆ ಇರುವುದು ಫೈರ್‌ವಾಲಿನಲ್ಲಿ. ಆ ಸಾಲೇ ಇಲ್ಲದಿದ್ದರೆ ಫೈರ್‌ವಾಲನ್ನು ಬೈದು ಪ್ರಯೋಜನವಿಲ್ಲ. ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ಟಿಸಿಪಿ/ಐಪಿ, ಅಂದರೆ ನೆಟ್‌ವರ್ಕಿನಿಂದ ಕರೆ ಬರುವ ದಾರಿ, ಮೊದಲಿಗೆ ಮುಚ್ಚಿಯೇ ಇರುತ್ತದೆ. ತೆರೆದರೂ ಪೋರ್ಟ್ ಸಂಖ್ಯೆ ಸ್ಥಿರವಲ್ಲ, ಸರ್ವಿಸ್ ಮತ್ತೆ ಶುರುವಾದಾಗ ಬದಲಾಗಬಹುದು. ಯಾವ ಪೋರ್ಟ್ ಎಂದು ಕೌಂಟರಿಗೆ ಹೇಳುವ ಕೆಲಸ 'ಎಸ್‌ಕ್ಯೂಎಲ್ ಸರ್ವರ್ ಬ್ರೌಸರ್' ಎಂಬ ಇನ್ನೊಂದು ಸರ್ವಿಸ್‌ನದು, ಅದು ಯುಡಿಪಿ (ಟಿಸಿಪಿಯಂತೆ ಡೇಟಾ ಸಾಗಿಸುವ ಇನ್ನೊಂದು ವಿಧಾನ) 1434ರಲ್ಲಿ ಉತ್ತರಿಸುತ್ತದೆ. 'ದೋಷ 26' ಕಂಡರೆ ಸರ್ವರಿನ ವಿಳಾಸ ಅಥವಾ ಹೆಸರು ತಪ್ಪಿದೆ, ಈ ಬ್ರೌಸರ್ ನಿಂತಿದೆ, ಇಲ್ಲವೇ 1434 ತಡೆದಿದೆ ಎಂದು ಅರ್ಥ ಮಾಡಿಕೊಳ್ಳಿ.

ಇಷ್ಟು ರಗಳೆ ಬೇಡವೆಂದರೆ ಪೋರ್ಟನ್ನು ಸ್ಥಿರ ಮಾಡಿಬಿಡುವುದೇ ವಾಸಿ. 'ಎಸ್‌ಕ್ಯೂಎಲ್ ಸರ್ವರ್ ಕಾನ್ಫಿಗರೇಷನ್ ಮ್ಯಾನೇಜರ್' ತೆರೆಯಿರಿ. 'ಪ್ರೋಟೋಕಾಲ್ಸ್ ಫಾರ್ ಎಸ್‌ಕ್ಯೂಎಲ್‌ಎಕ್ಸ್‌ಪ್ರೆಸ್' ಒಳಗೆ ಟಿಸಿಪಿ/ಐಪಿಯನ್ನು 'ಎನೇಬಲ್' ಮಾಡಿ, ಅದರ 'ಐಪಿ ಅಡ್ರೆಸಸ್' ಪುಟದಲ್ಲಿ ತೀರಾ ಕೆಳಗಿರುವ 'ಐಪಿಆಲ್' ವಿಭಾಗಕ್ಕೆ ಹೋಗಿ. 'ಟಿಸಿಪಿ ಡೈನಾಮಿಕ್ ಪೋರ್ಟ್ಸ್' ಎದುರು ಇರುವುದನ್ನು ಪೂರ್ತಿ ಅಳಿಸಿ. ಸೊನ್ನೆಯೂ ಇರಬಾರದು, ಸೊನ್ನೆ ಇದ್ದರೆ ಡೈನಾಮಿಕ್ ಎಂದೇ ಲೆಕ್ಕ. 'ಟಿಸಿಪಿ ಪೋರ್ಟ್' ಎದುರು 1433 ಬರೆದು ಸರ್ವಿಸನ್ನು ರೀಸ್ಟಾರ್ಟ್ ಮಾಡಿ. ಹಗಲಲ್ಲಿ ಬಿಲ್ಲಿಂಗ್ ನಡೆಯುತ್ತಿರುವಾಗ ಬೇಡ, ಅಂಗಡಿ ಮುಚ್ಚಿದ ಮೇಲೆ ಮಾಡಿ.

ಫೈರ್‌ವಾಲಿಗೆ 'ವಿಂಡೋಸ್ ಡಿಫೆಂಡರ್ ಫೈರ್‌ವಾಲ್ ವಿತ್ ಅಡ್ವಾನ್ಸ್ಡ್ ಸೆಕ್ಯುರಿಟಿ' ತೆರೆದು 'ಇನ್‌ಬೌಂಡ್ ರೂಲ್ಸ್'ನಲ್ಲಿ ಹೊಸ ರೂಲ್: ಪೋರ್ಟ್, ಟಿಸಿಪಿ, 1433, ಅಲೋ, ಪ್ರೈವೇಟ್ ಮಾತ್ರ. ಮಾಡಿದ ಮೇಲೆ ಅದರ 'ಸ್ಕೋಪ್' ಪುಟದಲ್ಲಿ ದೂರದ ವಿಳಾಸವನ್ನು 'ಲೋಕಲ್ ಸಬ್‌ನೆಟ್' ಎಂದು ಕಟ್ಟಿಹಾಕಿ. ನೆಟ್‌ವರ್ಕ್ ಸೆಟ್ಟಿಂಗಿಗೆ ಹೋಗಿ ಪಬ್ಲಿಕ್ ಇರುವುದನ್ನು ಪ್ರೈವೇಟ್ ಮಾಡಿ. ಕೊಂಡುತಂದ ಆಂಟಿವೈರಸ್ ಇದ್ದರೆ ಅದಕ್ಕೆ ತನ್ನದೇ ಫೈರ್‌ವಾಲ್ ಇರಬಹುದು. ಆಗ ವಿಂಡೋಸಿನಲ್ಲಿ ಏನು ಬರೆದರೂ ನಡೆಯದು, ಅನುಮತಿಯನ್ನು ಆಂಟಿವೈರಸ್ಸಿನಲ್ಲೇ ಕೊಡಬೇಕು.

ಕೊನೆಯದಾಗಿ, ರೌಟರಿನ ಡಿಎಚ್‌ಸಿಪಿ (ವಿಳಾಸ ಹಂಚುವ) ಪುಟದಲ್ಲಿ ಒಳಕೋಣೆಯ ಕಂಪ್ಯೂಟರಿನ ಮ್ಯಾಕ್ ವಿಳಾಸಕ್ಕೆ (ಅದರ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆಗೆ) 192.168.0.10 ಅನ್ನು ಕಾಯ್ದಿರಿಸಿ. ಇಲ್ಲವಾದರೆ ಕರೆಂಟು ಹೋಗಿ ಬಂದ ಯಾವುದೋ ಬೆಳಿಗ್ಗೆ ಇದೇ ಪ್ರಶ್ನೆ ಮತ್ತೆ ಏಳುತ್ತದೆ. ಒಂದು ಕೌಂಟರ್ ವೈಫೈನಲ್ಲಿದ್ದರೆ ಅದು 'ಗೆಸ್ಟ್' ವೈಫೈ ಅಲ್ಲವೇ ನೋಡಿ. ಗೆಸ್ಟ್‌ನಲ್ಲಿ ಇಂಟರ್ನೆಟ್ ಬರುತ್ತದೆ, ಪಕ್ಕದ ಕಂಪ್ಯೂಟರ್ ಕಾಣಿಸುವುದಿಲ್ಲ. ಅದನ್ನು ಮಾಡಿರುವುದೇ ಹಾಗೆ.

ಪ್ರಶ್ನೆ: ನಮ್ಮ ಒಂದು ಸರ್ವರ್ ಪಿಂಗ್ ಆಗುತ್ತದೆ, ಆದರೆ ಸಾಫ್ಟ್‌ವೇರ್ ಕನೆಕ್ಟ್ ಆಗುವುದಿಲ್ಲ. ಇನ್ನೊಂದು ಪಿಂಗ್ ಆಗುವುದೇ ಇಲ್ಲ, ಆದರೆ ಕೆಲಸ ಮಾಡುತ್ತದೆ. ಯಾವುದನ್ನು ನಂಬುವುದು? (ವಿಜಯಪುರದ ಓದುಗರು)

ಉತ್ತರ: ಪಿಂಗ್‌ಗೂ ಪೋರ್ಟ್‌ಗೂ ಸಂಬಂಧವಿಲ್ಲ. ಯಂತ್ರ ಅಲ್ಲಿದೆಯೇ ಎಂದು ಕೂಗಿ ನೋಡುವ ಪಿಂಗ್ ಬಳಸುವುದು ಐಸಿಎಂಪಿ ಎಂಬ ಬೇರೆಯೇ ಪ್ರೋಟೋಕಾಲ್, ಅದರಲ್ಲಿ ಪೋರ್ಟ್ ಎಂಬುದೇ ಇಲ್ಲ. ಕ್ಲೌಡ್‌ನಲ್ಲಿರುವ ಎಷ್ಟೋ ಸರ್ವರ್‌ಗಳು ಪಿಂಗ್‌ಗೆ ಉತ್ತರಿಸದಂತೆ ಮಾಡಿರುತ್ತಾರೆ. ಒಂದೇ ಕಡೆ ಅದು ಚೆನ್ನಾಗಿ ಸುಳಿವು ಕೊಡುತ್ತದೆ: ಒಂದೇ ಕಟ್ಟಡದೊಳಗೆ ಪಿಂಗ್ ಮಾಡಿದಾಗ 'ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್' ಎಂಬ ಉತ್ತರ ನಿಮ್ಮದೇ ಕಂಪ್ಯೂಟರಿನ ವಿಳಾಸದಿಂದ ಬಂದರೆ, ಆ ವಿಳಾಸದಲ್ಲಿ ಯಾವ ಯಂತ್ರವೂ ಇಲ್ಲ ಅಥವಾ ಅದು ಆಫ್ ಆಗಿದೆ.

ನಂಬಬೇಕಾದದ್ದು ಪೋರ್ಟ್ ಪರೀಕ್ಷೆಯನ್ನು, ಅದು ಸೋಲುವ ಬಗೆಯನ್ನು. 'ಕನೆಕ್ಷನ್ ರಿಫ್ಯೂಸ್ಡ್' ಅಂದರೆ ನಿಮ್ಮ ಕರೆ ಒಂದು ಯಂತ್ರದವರೆಗೆ ಹೋಗಿದೆ, ಆ ಯಂತ್ರ 'ಈ ಪೋರ್ಟಿನಲ್ಲಿ ಯಾರೂ ಇಲ್ಲ' ಎಂದು ಹೇಳಿಕಳಿಸಿದೆ. ವಿಂಡೋಸಿನಲ್ಲಿ ಇದರ ಸಂಖ್ಯೆ 10061, ಲಿನಕ್ಸ್‌ನಲ್ಲಿ 111. ಒಂದೆರಡು ಸೆಕೆಂಡಿನಲ್ಲೇ ಬರುತ್ತದೆ. ಸರ್ವಿಸ್ ನಿಂತಿದೆ, ಪೋರ್ಟ್ ಸಂಖ್ಯೆ ತಪ್ಪಿದೆ, ಇಲ್ಲವೇ ಸರ್ವಿಸ್ 127.0.0.1ರಲ್ಲಿ, ಅಂದರೆ ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸದಲ್ಲಿ, ಮಾತ್ರ ಕೂತಿದೆ.

'ಟೈಮ್ಡ್ ಔಟ್' ಅಂದರೆ ಹೌದೂ ಇಲ್ಲ, ಇಲ್ಲವೂ ಇಲ್ಲ. ಸಂಖ್ಯೆ 10060. ವಿಂಡೋಸ್ ಮತ್ತೆ ಮತ್ತೆ ಕರೆದು ಸುಮಾರು 21 ಸೆಕೆಂಡಿಗೆ ಕೈಬಿಡುತ್ತದೆ, ಲಿನಕ್ಸ್ ಒಂದೆರಡು ನಿಮಿಷ ಕಾಯುತ್ತದೆ. ದಾರಿಯಲ್ಲೆಲ್ಲೋ ಫೈರ್‌ವಾಲ್ ಕರೆಯನ್ನು ಸದ್ದಿಲ್ಲದೆ ನುಂಗಿದೆ, ವಿಳಾಸ ತಪ್ಪಿದೆ, ಅಥವಾ ಸರ್ವರಿನ ಉತ್ತರ ನಿಮ್ಮವರೆಗೆ ಬರುವ ದಾರಿ ಕೆಟ್ಟಿದೆ. ಇಲ್ಲೊಂದು ಮೋಸವಿದೆ, ಅನುಭವಿಗಳೂ ಬೀಳುತ್ತಾರೆ. ವಿಂಡೋಸ್ ಫೈರ್‌ವಾಲ್ ಆನ್ ಆಗಿರುವ ಯಂತ್ರದಲ್ಲಿ ಸರ್ವಿಸ್ ನಿಂತಿದ್ದರೂ ರಿಫ್ಯೂಸ್ಡ್ ಬರುವುದಿಲ್ಲ, ಟೈಮ್ಡ್ ಔಟ್ ಎಂದೇ ಬರುತ್ತದೆ, ಏಕೆಂದರೆ ಆ ಫೈರ್‌ವಾಲ್ 'ಇಲ್ಲಿ ಯಾರೂ ಇಲ್ಲ' ಎಂಬ ಉತ್ತರವನ್ನೂ ಹೊರಗೆ ಬಿಡುವುದಿಲ್ಲ. ಹಾಗಾಗಿ ವಿಂಡೋಸ್ ಸರ್ವರಾದರೆ ಟೈಮ್ಡ್ ಔಟ್ ಕಂಡಕೂಡಲೇ ಫೈರ್‌ವಾಲ್ ಎಂದು ತೀರ್ಪು ಕೊಡಬೇಡಿ, ಮೊದಲು ಸರ್ವರಿನಲ್ಲಿ ನೆಟ್‌ಸ್ಟ್ಯಾಟ್ ನೋಡಿ.

11001 ಕಂಡರೆ ಹೆಸರೇ ಸಿಕ್ಕಿಲ್ಲ, ಅದು ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್ ತೊಂದರೆ. 10054 ಅಂದರೆ ಕನೆಕ್ಟ್ ಆಗಿ, ನಡುವೆ ಯಾರೋ ಕತ್ತರಿಸಿದ್ದಾರೆ. ಪಾಸ್‌ವರ್ಡ್ ತಪ್ಪು ಎಂಬ ಸಂದೇಶ ಬಂದರಂತೂ ಸಂತೋಷಪಡಿ, ನೆಟ್‌ವರ್ಕ್ ಪೂರ್ತಿ ಸರಿಯಿದೆ.

ಪ್ರಶ್ನೆ: ತೋಟದ ಮನೆಯಲ್ಲಿ ನಾಲ್ಕು ಕ್ಯಾಮೆರಾಗಳ ಡಿವಿಆರ್ ಇಟ್ಟಿದ್ದೇವೆ, ಫೈಬರ್ ಇಂಟರ್ನೆಟ್ ಇದೆ. ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕರೆಯನ್ನು ಒಳಗಿನ ಯಂತ್ರಕ್ಕೆ ದಾಟಿಸುವುದು) ಮಾಡಿದರೂ ಬೆಂಗಳೂರಿನಿಂದ ನೋಡಲು ಆಗುತ್ತಿಲ್ಲ. ತೋಟದ ವೈಫೈನಲ್ಲಿ ಚೆನ್ನಾಗಿ ಕಾಣುತ್ತದೆ. ಏನು ತಪ್ಪಿರಬಹುದು? (ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ನಿಮ್ಮದು ಏನೂ ತಪ್ಪಿಲ್ಲದೆ ಇರುವ ಸಾಧ್ಯತೆಯೇ ಹೆಚ್ಚು. ರೌಟರಿನ 'ಸ್ಟೇಟಸ್' ಪುಟದಲ್ಲಿ 'ವ್ಯಾನ್ ಐಪಿ' ಎಂದಿರುವುದನ್ನು (ಇಂಟರ್ನೆಟ್ ಕಡೆಯಿಂದ ರೌಟರಿಗೆ ಸಿಕ್ಕ ವಿಳಾಸ) ಬರೆದುಕೊಳ್ಳಿ. ಅದೇ ವೈಫೈನಲ್ಲಿದ್ದುಕೊಂಡು ಬ್ರೌಸರಿನಲ್ಲಿ 'ನನ್ನ ಐಪಿ ಯಾವುದು' ಎಂದು ಹುಡುಕಿ. ಎರಡೂ ಒಂದೇ ಆಗಿದ್ದರೆ ನಿಮಗೆ ಸ್ವಂತ ಸಾರ್ವಜನಿಕ ವಿಳಾಸ ಇದೆ. ಬೇರೆ ಬೇರೆಯಾಗಿದ್ದು, ರೌಟರಿನಲ್ಲಿರುವುದು 100.64ರಿಂದ 100.127ರವರೆಗಿನ ಸಾಲಿನಲ್ಲಿದ್ದರೆ ಇಂಟರ್ನೆಟ್ ಕೊಡುವವರು ನಿಮ್ಮನ್ನು ಸಿಜಿನ್ಯಾಟ್ ಹಿಂದೆ ಇಟ್ಟಿದ್ದಾರೆ. ಎಷ್ಟೋ ಗ್ರಾಹಕರಿಗೆ ಸೇರಿ ಹೊರಗೆ ಕಾಣುವ ವಿಳಾಸ ಒಂದೇ. ಹೊರಗಿನಿಂದ ಬಂದ ಕರೆ ಅವರ ಯಂತ್ರದಲ್ಲೇ ನಿಲ್ಲುತ್ತದೆ, ನಿಮ್ಮ ರೌಟರಿನವರೆಗೆ ಬರುವುದೇ ಇಲ್ಲ. ನೀವು ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ಅಷ್ಟೆ.

ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ನಮ್ಮ ಏಷ್ಯಾ-ಪೆಸಿಫಿಕ್ ಭಾಗಕ್ಕೆ ವಿಳಾಸ ಹಂಚುವ ಎಪಿನಿಕ್ ಸಂಸ್ಥೆ 2011ರ ಏಪ್ರಿಲ್‌ನಲ್ಲೇ ತನ್ನ ಕೊನೆಯ ಗಂಟಿಗೆ ಕೈಹಾಕಿ ರೇಷನ್ ಶುರುಮಾಡಿತು. ಈ 100.64ರ ಸಾಲನ್ನು ಸಿಜಿನ್ಯಾಟ್‌ಗೆಂದೇ ಮೀಸಲಿಟ್ಟದ್ದು ಮರುವರ್ಷ, 2012ರಲ್ಲಿ.

ವ್ಯಾನ್ ಐಪಿ 192.168 ಎಂದು ಶುರುವಾದರೆ ಕತೆ ಬೇರೆ. ಕಂಪನಿಯವರು ಕೊಟ್ಟ ಫೈಬರ್ ಪೆಟ್ಟಿಗೆಯೂ ರೌಟರ್, ಅದರ ಹಿಂದೆ ನೀವು ತಂದಿಟ್ಟದ್ದೂ ರೌಟರ್. ಫಾರ್ವರ್ಡಿಂಗ್ ಎರಡರಲ್ಲೂ ಬೇಕು, ಇಲ್ಲವೇ ಮೊದಲಿನದನ್ನು ರೌಟರ್ ಕೆಲಸ ಬಿಡಿಸಿ ಬರೀ ಸೇತುವೆಯಾಗಿಸುವ 'ಬ್ರಿಡ್ಜ್ ಮೋಡ್'ಗೆ ಹಾಕಿಸಬೇಕು.

ವ್ಯಾನ್ ಐಪಿ ಸರಿಯಾಗಿಯೇ ಇದ್ದರೆ ಡಿವಿಆರ್‌ನ ನೆಟ್‌ವರ್ಕ್ ಪುಟ ತೆರೆದು 'ಗೇಟ್‌ವೇ' ನೋಡಿ. ಅಲ್ಲಿ ಹೊರಹೋಗುವ ದಾರಿಯಾದ ರೌಟರಿನ ವಿಳಾಸ ಇರಬೇಕು. ಹಾಕಿಕೊಡುವವರು ಐಪಿ ಬರೆಯುತ್ತಾರೆ, ಗೇಟ್‌ವೇ ಹಾಗೇ ಬಿಡುತ್ತಾರೆ. ಗೇಟ್‌ವೇ ತಪ್ಪಿದ್ದರೆ ಮನೆಯೊಳಗೆ ಎಲ್ಲ ಸರಿ ಕಾಣುತ್ತದೆ, ಏಕೆಂದರೆ ಮನೆಯೊಳಗಿನ ಮಾತಿಗೆ ಗೇಟ್‌ವೇ ಬೇಕಿಲ್ಲ. ಬೆಂಗಳೂರಿನಿಂದ ಬಂದ ಕರೆ ಒಳಗೆ ತಲುಪಿದರೂ ಡಿವಿಆರ್‌ಗೆ ಅದರ ಉತ್ತರವನ್ನು ಹೊರಗೆ ಕಳಿಸುವ ದಾರಿ ಗೊತ್ತಿರುವುದಿಲ್ಲ. ನಿಮ್ಮ ಲಕ್ಷಣಕ್ಕೆ ಇದೂ ಹೊಂದುತ್ತದೆ. ಪರೀಕ್ಷೆಯನ್ನು ಯಾವಾಗಲೂ ಮೊಬೈಲ್ ಡೇಟಾದಿಂದ ಮಾಡಿ. ತೋಟದ ವೈಫೈನಲ್ಲಿದ್ದುಕೊಂಡು ಹೊರಗಿನ ವಿಳಾಸ ಒತ್ತಿದರೆ ಬಹಳ ರೌಟರುಗಳು ಅದನ್ನು ವಾಪಸ್ ಒಳಗೆ ತಿರುಗಿಸುವುದಿಲ್ಲ, ಸುಮ್ಮನೆ ದಾರಿ ತಪ್ಪುತ್ತೀರಿ.

ಈಗ ಪರಿಹಾರ. ಹಣ ಕೊಟ್ಟರೆ ಸ್ಟ್ಯಾಟಿಕ್ ಐಪಿ ಕೊಡುವವರಿದ್ದಾರೆ, ಕೇಳಿ ನೋಡಿ. ಅದಕ್ಕಿಂತ ಸುಲಭದ್ದು ಡಿವಿಆರ್‌ನದೇ ಕ್ಲೌಡ್ ವ್ಯವಸ್ಥೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಕು, ಡಿವಿಆರ್ ತಾನೇ ಹೊರಗೆ ಕರೆ ಮಾಡುವುದರಿಂದ ಸಿಜಿನ್ಯಾಟ್ ಅಡ್ಡಬರುವುದಿಲ್ಲ. ಚಿತ್ರ ತಯಾರಕರ ಸರ್ವರ್ ಮೂಲಕ ಹಾದುಹೋಗಬಹುದು ಎಂಬುದು ನಿಮಗೆ ಒಪ್ಪಿಗೆಯಿರಬೇಕು. ಒಪ್ಪಿಗೆಯಿಲ್ಲದಿದ್ದರೆ ತೋಟದಲ್ಲಿ ಸದಾ ಆನ್ ಇರುವ ಒಂದು ಸಣ್ಣ ಯಂತ್ರ, ರಾಸ್ಪ್‌ಬೆರಿ ಪೈ ಸಾಕು, ಇಟ್ಟು ಟೇಲ್‌ಸ್ಕೇಲ್ ಎಂಬ ವಿಪಿಎನ್ (ಇಂಟರ್ನೆಟ್ಟಿನೊಳಗೆ ಹಾಯುವ ಖಾಸಗಿ ಸುರಂಗ) ಹಾಕಿ, ಫೋನಿನಲ್ಲೂ ಹಾಕಿ. ಅದರಲ್ಲಿ ತೋಟದ 192.168 ಸಾಲನ್ನು 'ಸಬ್‌ನೆಟ್ ರೌಟ್' ಎಂದು ಘೋಷಿಸಿ, ಅದರ ಅಡ್ಮಿನ್ ಪುಟದಲ್ಲಿ ಒಪ್ಪಿಗೆ ಕೊಟ್ಟರೆ ಬೆಂಗಳೂರಿನ ಫೋನಿನಿಂದ ಡಿವಿಆರ್ ಮನೆಯಲ್ಲಿದ್ದಂತೆಯೇ ಸಿಗುತ್ತದೆ. ನಮ್ಮ ಆಯ್ಕೆ ಇದೇ.

ಪೋರ್ಟ್ ತೆರೆದೇ ಇಡುತ್ತೇನೆ ಎನ್ನುವವರು 2016ರ ಮಿರಾಯ್ ಹಾವಳಿಯನ್ನು ನೆನಪಿಡಿ. ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳನ್ನೇ ಹಿಡಿದು ಸೇನೆ ಕಟ್ಟಿ ದೊಡ್ಡ ದೊಡ್ಡ ಜಾಲತಾಣಗಳನ್ನು ಮಲಗಿಸಿದ್ದು ಅದು.

ಪ್ರಶ್ನೆ: ಪ್ರಾಜೆಕ್ಟ್‌ಗಾಗಿ ಅಮೆಜಾನ್ ಕ್ಲೌಡ್‌ನಲ್ಲಿ ಉಬುಂಟು ಸರ್ವರ್ ಮಾಡಿದ್ದೇನೆ. ನಿನ್ನೆ ಹಾಸ್ಟೆಲಿನಿಂದ ಎಸ್‌ಎಸ್‌ಎಚ್ (ದೂರದ ಸರ್ವರಿಗೆ ಲಾಗಿನ್ ಆಗಿ ಕಮಾಂಡ್ ಕೊಡುವ ವಿಧಾನ) ಆಗುತ್ತಿತ್ತು, ಇವತ್ತು ಟೈಮ್ಡ್ ಔಟ್. ಕಾಲೇಜಿನ ವೈಫೈನಲ್ಲಂತೂ ಒಂದು ದಿನವೂ ಆಗಿಲ್ಲ. (ಹುಬ್ಬಳ್ಳಿಯ ಎಂಜಿನಿಯರಿಂಗ್ ವಿದ್ಯಾರ್ಥಿನಿ)

ಉತ್ತರ: ಎರಡೂ ಬೇರೆ ಬೇರೆ ತೊಂದರೆ, ಒಂದೇ ಗಂಟಿಗೆ ಕಟ್ಟಬೇಡಿ.

ಹಾಸ್ಟೆಲಿನದು: ಸೆಕ್ಯುರಿಟಿ ಗ್ರೂಪ್ (ಅಮೆಜಾನ್ ಕ್ಲೌಡಿನ ಫೈರ್‌ವಾಲ್) ಮಾಡುವಾಗ ಎಸ್‌ಎಸ್‌ಎಚ್ ಬಳಸುವ ಪೋರ್ಟ್ 22ಕ್ಕೆ 'ಮೈ ಐಪಿ' ಆರಿಸಿರುತ್ತೀರಿ. ಅದು ಒಳ್ಳೆಯದೇ, ಆದರೆ ಅವತ್ತಿನ ಐಪಿಯನ್ನು ಮಾತ್ರ ಬರೆದುಕೊಳ್ಳುತ್ತದೆ. ಹಾಸ್ಟೆಲಿನ ರೌಟರ್ ಮತ್ತೆ ಶುರುವಾಗಿ ಹೊಸ ಐಪಿ ಬಂದರೆ ನೀವು ಹೊರಗಿನವರು. ರೂಲ್ ಎಡಿಟ್ ಮಾಡಿ ಮತ್ತೊಮ್ಮೆ 'ಮೈ ಐಪಿ' ಒತ್ತಿ. ಇದರ ಜೊತೆ, ಖರ್ಚು ಉಳಿಸಲು ರಾತ್ರಿ ಸರ್ವರನ್ನು 'ಸ್ಟಾಪ್' ಮಾಡಿ ಬೆಳಿಗ್ಗೆ 'ಸ್ಟಾರ್ಟ್' ಮಾಡಿದ್ದರೆ ಸರ್ವರಿನ ಸಾರ್ವಜನಿಕ ಐಪಿಯೂ ಬದಲಾಗಿರುತ್ತದೆ. ಬರೀ ರೀಬೂಟ್ ಮಾಡಿದರೆ ಬದಲಾಗದು. ಹೊಸ ಐಪಿಯನ್ನು ಕನ್ಸೋಲಿನಲ್ಲಿ ನೋಡಿಕೊಳ್ಳಿ. 'ಎಲಾಸ್ಟಿಕ್ ಐಪಿ' ತೆಗೆದುಕೊಂಡರೆ ಸ್ಥಿರವಾಗಿರುತ್ತದೆ, ಆದರೆ 2024ರ ಫೆಬ್ರವರಿಯಿಂದ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ ಗಂಟೆಗೆ 0.005 ಡಾಲರ್ ಬಾಡಿಗೆ ಇದೆ. ಸರ್ವರ್ ನಿಲ್ಲಿಸಿದರೂ ಎಲಾಸ್ಟಿಕ್ ಐಪಿಯ ಮೀಟರ್ ಓಡುತ್ತಲೇ ಇರುತ್ತದೆ.

ಕಾಲೇಜಿನದು: ಅಲ್ಲಿ ಹೊರಹೋಗುವ ಪೋರ್ಟ್ 22 ಮುಚ್ಚಿರಬೇಕು. ನಿಮ್ಮ ಸರ್ವರಿಗೆ ಸಂಬಂಧವಿಲ್ಲದ ಜಾಗವನ್ನು ತಟ್ಟಿ ನೋಡಿ. 'ಎನ್‌ಸಿ -ಝಡ್‌ವಿ ಗಿಟ್‌ಹಬ್.ಕಾಂ 22' ಕೊಡಿ. ಅದೂ ಟೈಮ್ಡ್ ಔಟ್ ಆದರೆ, ಫೋನಿನ ಹಾಟ್‌ಸ್ಪಾಟಿನಲ್ಲಿ ಸರಿಯಾಗಿ ಬಂದರೆ, ತಡೆ ಕಾಲೇಜಿನದು. ಗಿಟ್‌ಹಬ್ ಕೆಲಸಕ್ಕಾದರೆ 'ಎಸ್‌ಎಸ್‌ಎಚ್.ಗಿಟ್‌ಹಬ್.ಕಾಂ' ಎಂಬ ವಿಳಾಸ 443ರಲ್ಲೂ ಎಸ್‌ಎಸ್‌ಎಚ್ ಸ್ವೀಕರಿಸುತ್ತದೆ. ನಿಮ್ಮ ಸರ್ವರಿಗೆ ಬ್ರೌಸರಿನಿಂದಲೇ ತೆರೆಯುವ 'ಸೆಷನ್ ಮ್ಯಾನೇಜರ್' ಹೊಂದಿಸಿಕೊಳ್ಳಿ, ಅದಕ್ಕೆ 22 ತೆರೆಯುವ ಅಗತ್ಯವೇ ಇಲ್ಲ. ಲ್ಯಾಬಿನ ಸಿಸ್ಟಮ್ ಅಡ್ಮಿನ್ ಅವರನ್ನು ಒಂದು ಮಾತು ಕೇಳುವುದೂ ಒಂದು ದಾರಿ, ಎಷ್ಟೋ ಸಲ ಒಪ್ಪುತ್ತಾರೆ.

ಟೈಮ್ಡ್ ಔಟ್ ಹೋಗಿ 'ಪರ್ಮಿಷನ್ ಡಿನೈಡ್' ಬಂದರೆ ಸೆಕ್ಯುರಿಟಿ ಗ್ರೂಪನ್ನು ಮತ್ತೆ ಮುಟ್ಟಬೇಡಿ. ಉಬುಂಟು ಆದರೆ ಯೂಸರ್ ಹೆಸರು 'ಉಬುಂಟು', ಅಮೆಜಾನ್ ಲಿನಕ್ಸ್ ಆದರೆ 'ಇಸಿ2-ಯೂಸರ್'. ಕೀ ಫೈಲಿಗೆ 'ಸಿಎಚ್‌ಮಾಡ್ 400' ಕೊಡಿ. ಬೇರೆಯವರೂ ಓದುವಂತಿರುವ ಕೀಯನ್ನು ಎಸ್‌ಎಸ್‌ಎಚ್ ಬಳಸುವುದಿಲ್ಲ.

ಪ್ರಶ್ನೆ: ಶಾಲೆಯ ಶುಲ್ಕದ ರಸೀದಿ ಸಾಫ್ಟ್‌ವೇರಿನಿಂದ ನೇರ ಇ-ಮೇಲ್ ಹೋಗಬೇಕು. ಪೋರ್ಟ್ 465 ಹಾಕಿದರೆ ಒಂದು ನಿಮಿಷ ಸುಮ್ಮನೆ ನಿಂತು ಟೈಮ್ಡ್ ಔಟ್ ಆಗುತ್ತದೆ, 587 ಹಾಕಿದರೆ ಎಸ್‌ಎಸ್‌ಎಲ್ 'ರಾಂಗ್ ವರ್ಷನ್' ಎನ್ನುತ್ತದೆ. (ಮಂಡ್ಯದ ಶಾಲಾ ಸಿಬ್ಬಂದಿ)

ಉತ್ತರ: ಎರಡೂ ಪೋರ್ಟ್ ತೆರೆದೇ ಇವೆ, ಪ್ರತಿ ಸಲವೂ ಜೊತೆಗಿರುವ ಆಯ್ಕೆ ತಿರುವುಮುರುವಾಗಿದೆ. 465ರಲ್ಲಿ ಮೊದಲ ಅಕ್ಷರದಿಂದಲೇ ಗೂಢಲಿಪಿ. ನಿಮ್ಮ ಸಾಫ್ಟ್‌ವೇರ್ 'ಸ್ಟಾರ್ಟ್‌ಟಿಎಲ್‌ಎಸ್' ಎಂದು ಹೊಂದಿಸಿದ್ದರೆ ಅದು ಸರ್ವರ್ ಮೊದಲು ನಮಸ್ಕಾರ ಹೇಳಲಿ ಎಂದು ಕಾಯುತ್ತದೆ, ಸರ್ವರ್ ಇದು ಗೂಢಲಿಪಿ ಶುರುಮಾಡಲಿ ಎಂದು ಕಾಯುತ್ತದೆ. ಇಬ್ಬರೂ ಕಾಯುತ್ತಾ ಸಮಯ ಮುಗಿಯುತ್ತದೆ. 587ರಲ್ಲಿ ತದ್ವಿರುದ್ಧ: ಶುರುವಿನ ಮಾತು ಗೂಢಲಿಪಿಯಿಲ್ಲದ ಬಿಡಿ ಅಕ್ಷರದಲ್ಲಿ, ಆಮೇಲೆ 'ಸ್ಟಾರ್ಟ್‌ಟಿಎಲ್‌ಎಸ್' ಎಂದು ಹೇಳಿ ಗೂಢಲಿಪಿಗೆ ಹೊರಳುವುದು. ಅಲ್ಲಿ ನೀವು 'ಎಸ್‌ಎಸ್‌ಎಲ್' ಆರಿಸಿದರೆ ಸಾಫ್ಟ್‌ವೇರ್ ಸರ್ವರಿನ ಬಿಡಿ ಅಕ್ಷರವನ್ನೇ ಗೂಢಲಿಪಿ ಎಂದು ಓದಲು ಹೋಗಿ 'ರಾಂಗ್ ವರ್ಷನ್' ಎನ್ನುತ್ತದೆ. 465ಕ್ಕೆ ಎಸ್‌ಎಸ್‌ಎಲ್, 587ಕ್ಕೆ ಸ್ಟಾರ್ಟ್‌ಟಿಎಲ್‌ಎಸ್. ಯಾವ ಜೋಡಿಯಾದರೂ ಸರಿ.

25ನ್ನು ಬಳಸಲು ಹೋಗಬೇಡಿ. ಅದು ಮೇಲ್ ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತಾಡುವ ಪೋರ್ಟ್. ಸ್ಪ್ಯಾಮ್ ಕಾಟದಿಂದ ಅಮೆಜಾನ್, ಗೂಗಲ್ ಕ್ಲೌಡ್‌ಗಳೆರಡೂ ಹೊರಹೋಗುವ 25ನ್ನು ಮೊದಲಿನಿಂದಲೇ ತಡೆದಿರುತ್ತವೆ. ಕನೆಕ್ಟ್ ಆದಮೇಲೆ 535 ಎಂಬ ಸಂಖ್ಯೆ ಬಂದರೆ ಅದು ಲಾಗಿನ್ ದೋಷ. ಜಿಮೇಲ್ ಖಾತೆಯಾದರೆ ಮಾಮೂಲಿ ಪಾಸ್‌ವರ್ಡ್ ನಡೆಯದು. ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರದ 'ಆ್ಯಪ್ ಪಾಸ್‌ವರ್ಡ್' ಪಡೆದು ಅದನ್ನೇ ಹಾಕಿ. ಸರ್ಟಿಫಿಕೇಟ್ ಅವಧಿ ಮುಗಿದಿದೆ ಎಂದು ಬಂದರೆ ಕಂಪ್ಯೂಟರಿನ ತಾರೀಖು ನೋಡಿ. ಹಳೆಯ ಯಂತ್ರದಲ್ಲಿ ಸಿಆರ್2032 ಎಂಬ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ ಪ್ರತಿ ಬೆಳಿಗ್ಗೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಓಡಿರುತ್ತದೆ.

ಪ್ರಶ್ನೆ: ಮನೆಯಿಂದ ಕೆಲಸ. ಕಚೇರಿಯ ವಿಪಿಎನ್ 'ಕನೆಕ್ಟೆಡ್' ಎನ್ನುತ್ತದೆ. ಮೈಸೂರಿನ ಮನೆಯಲ್ಲಿ ಸರ್ವರ್ ಸಿಗುವುದೇ ಇಲ್ಲ. ಊರಿನ ಮನೆಯಲ್ಲಿ ರಿಮೋಟ್ ಡೆಸ್ಕ್‌ಟಾಪ್ ಲಾಗಿನ್ ಆಗಿ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ. ಲ್ಯಾಪ್‌ಟಾಪ್ ಒಂದೇ. (ಮೈಸೂರಿನ ಓದುಗರು)

ಉತ್ತರ: ಮೈಸೂರಿನ ಮನೆಯಲ್ಲಿ 'ಐಪಿಕಾನ್ಫಿಗ್' ನೋಡಿ. ಮನೆಯ ವೈಫೈ 192.168.1 ಸಾಲಿನಲ್ಲಿದ್ದು ಕಚೇರಿಯ ಸರ್ವರೂ 192.168.1.20ರಂಥ ವಿಳಾಸದಲ್ಲಿದ್ದರೆ ಲ್ಯಾಪ್‌ಟಾಪ್ ಆ ಸರ್ವರನ್ನು ನಿಮ್ಮ ಮನೆಯೊಳಗೇ ಹುಡುಕುತ್ತದೆ, ವಿಪಿಎನ್ ಕಡೆ ತಿರುಗಿಯೂ ನೋಡುವುದಿಲ್ಲ. ಮನೆಯ ರೌಟರಿನ ಲ್ಯಾನ್ ವಿಳಾಸವನ್ನು 192.168.77.1 ಎಂದು ಏನಾದರೂ ಬದಲಿಸಿ, ಎಲ್ಲ ಉಪಕರಣಗಳನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಕಚೇರಿಗಳು ತಮ್ಮ ನೆಟ್‌ವರ್ಕಿಗೆ 192.168.0 ಮತ್ತು 192.168.1 ಇಡುವ ಚಾಳಿ ಬಿಟ್ಟರೆ ಈ ಕಾಟವೇ ಇರದು.

ಊರಿನದು ಪ್ಯಾಕೆಟ್ (ಡೇಟಾ ಸಾಗುವ ತುಣುಕು) ಅಳತೆಯ ತೊಂದರೆ ಇದ್ದಂತಿದೆ. ಸಣ್ಣ ಪ್ಯಾಕೆಟ್ ದಾಟುತ್ತದೆ, ದೊಡ್ಡದು ಸಿಕ್ಕಿಬೀಳುತ್ತದೆ. ಲಾಗಿನ್ ಸಣ್ಣ ಮಾತು, ಪರದೆಯ ಚಿತ್ರ ದೊಡ್ಡದು. ಮಾಮೂಲಿ ಗರಿಷ್ಠ 1500 ಬೈಟ್. ರೌಟರಿನಲ್ಲಿ ಯೂಸರ್ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಓಇ ಸಂಪರ್ಕದಲ್ಲಿ 8 ಹೋಗಿ 1492. ವಿಪಿಎನ್ ತನ್ನ ಪಾಲಿನದನ್ನು ಇನ್ನೂ ಕತ್ತರಿಸುತ್ತದೆ. 'ಅಳತೆ ಇಳಿಸು' ಎಂದು ತಿಳಿಸುವ ಐಸಿಎಂಪಿ ಸಂದೇಶವನ್ನು ಯಾವುದೋ ಫೈರ್‌ವಾಲ್ ನುಂಗಿದರೆ ಲ್ಯಾಪ್‌ಟಾಪಿಗೂ ಸರ್ವರಿಗೂ ಸುದ್ದಿಯೇ ಮುಟ್ಟದು. ಐಸಿಎಂಪಿ ಎಲ್ಲವನ್ನೂ ಮುಚ್ಚಿದರೆ ಭದ್ರ ಎಂದುಕೊಳ್ಳುವ ಅಡ್ಮಿನ್‌ಗಳ ಕೊಡುಗೆ ಇದು.

ಅಳೆಯುವುದು ಹೀಗೆ. ವಿಪಿಎನ್ ಕನೆಕ್ಟ್ ಮಾಡಿ, 'ಪಿಂಗ್ -ಎಫ್ -ಎಲ್ 1472' ಆದಮೇಲೆ ಸರ್ವರ್ ವಿಳಾಸ ಕೊಡಿ. ಉತ್ತರ ಬಾರದಿದ್ದರೆ ಅಂಕಿಯನ್ನು 20ರಂತೆ ಇಳಿಸುತ್ತಾ ಬನ್ನಿ. 1372ಕ್ಕೆ ಉತ್ತರ ಬಂತೆನ್ನಿ, ಅದಕ್ಕೆ ಹೆಡರಿನ 28 ಸೇರಿಸಿ: 1400. ಅಡ್ಮಿನ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ನೆಟ್‌ಶೆಲ್'ನ, ಅಂದರೆ ಎನ್-ಇ-ಟಿ-ಎಸ್-ಎಚ್ ಎಂಬ ಕಮಾಂಡಿನ, 'ಇಂಟರ್‌ಫೇಸ್ ಐಪಿವಿ4 ಶೋ ಸಬ್‌ಇಂಟರ್‌ಫೇಸಸ್' ಕೊಟ್ಟರೆ ವಿಪಿಎನ್‌ನ ಹೆಸರೂ ಈಗಿನ ಎಂಟಿಯುವೂ (ಪ್ಯಾಕೆಟ್ಟಿನ ಗರಿಷ್ಠ ಅಳತೆ) ಕಾಣುತ್ತವೆ. ಆಮೇಲೆ ಅದೇ ಕಮಾಂಡಿನ 'ಇಂಟರ್‌ಫೇಸ್ ಐಪಿವಿ4 ಸೆಟ್ ಸಬ್‌ಇಂಟರ್‌ಫೇಸ್', ಆ ಹೆಸರು, 'ಎಂಟಿಯು=1400 ಸ್ಟೋರ್=ಪರ್ಸಿಸ್ಟೆಂಟ್' ಎಂದು ಕೊಟ್ಟು ನೋಡಿ. ಸರ್ವರ್ ಪಿಂಗ್‌ಗೇ ಉತ್ತರಿಸದಿದ್ದರೆ ನೇರ 1300 ಇಟ್ಟು ಪರೀಕ್ಷಿಸಿ. ಆಗಲೂ ಕಪ್ಪು ಪರದೆಯೇ ಆದರೆ ರಿಮೋಟ್ ಡೆಸ್ಕ್‌ಟಾಪ್ ಟಿಸಿಪಿಯ ಜೊತೆ ಯುಡಿಪಿ 3389ನ್ನೂ ಬಳಸುತ್ತದೆ ಎಂಬುದನ್ನು ಗಮನಿಸಿ. ಗ್ರೂಪ್ ಪಾಲಿಸಿಯಲ್ಲಿ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ಕ್ಲೈಂಟ್ ಕೆಳಗಿರುವ 'ಟರ್ನ್ ಆಫ್ ಯುಡಿಪಿ ಆನ್ ಕ್ಲೈಂಟ್' ಎನೇಬಲ್ ಮಾಡಿ ನೋಡಬಹುದು.

ಪ್ರಶ್ನೆ: ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟನ್ನು 50389ಕ್ಕೆ ಬದಲಿಸಿ ಇಂಟರ್ನೆಟ್ಟಿಗೆ ತೆರೆದರೆ ಸುರಕ್ಷಿತವೇ? (ಉಡುಪಿ)

ಉತ್ತರ: ಅಲ್ಲ. ಇರುವುದೇ 65,535 ಪೋರ್ಟ್. ಅಷ್ಟನ್ನೂ ಜಾಲಾಡುವ ಯಂತ್ರಗಳು ಹಗಲುರಾತ್ರಿ ಓಡುತ್ತಿವೆ. ಲಾಗ್‌ನಲ್ಲಿ ಗಲಾಟೆ ಕಡಿಮೆಯಾಗುತ್ತದೆ, ಅಷ್ಟೆ. ವಿಪಿಎನ್ ಒಳಗೆ ಇಡಿ.

ಪ್ರಶ್ನೆ: ಬಾಡಿಗೆ ಉಬುಂಟು ಸರ್ವರಿನಲ್ಲಿ ಮೈಎಸ್‌ಕ್ಯೂಎಲ್ ಓಡುತ್ತಿದೆ. ಮನೆಯಿಂದ ಕನೆಕ್ಟ್ ಮಾಡಿದರೆ ದೋಷ 2003, 10061. ಫೈರ್‌ವಾಲಿನಲ್ಲಿ 3306 ತೆರೆದಿದ್ದೇನೆ. ಇದರ ಜೊತೆ ಎಸ್‌ಎಸ್‌ಎಚ್ ಕೂಡ ಐದಾರು ನಿಮಿಷ ಸುಮ್ಮನಿದ್ದರೆ ಹೆಪ್ಪುಗಟ್ಟುತ್ತದೆ. (ಪುಣೆಯಲ್ಲಿರುವ ಬೆಳಗಾವಿಯ ಓದುಗರು)

ಉತ್ತರ: 10061 ಅಂದರೆ ರಿಫ್ಯೂಸ್ಡ್, ಮೇಲೆ ಹೇಳಿದ್ದೇವೆ. ಸರ್ವರಿನಲ್ಲಿ 'ಸುಡು ಎಸ್‌ಎಸ್ -ಟಿಎಲ್‌ಎನ್‌ಪಿ' ಕೊಟ್ಟರೆ 127.0.0.1:3306 ಎಂದು ಕಾಣುತ್ತದೆ. ಉಬುಂಟುವಿನಲ್ಲಿ 'ಮೈಎಸ್‌ಕ್ಯೂಎಲ್‌ಡಿ.ಸಿಎನ್‌ಎಫ್' ಕಡತದ 'ಬೈಂಡ್-ಅಡ್ರೆಸ್' ಅದನ್ನು ಯಂತ್ರದೊಳಗಿನ ಕರೆಗಳಿಗೆ ಮಾತ್ರ ಕಟ್ಟಿಹಾಕಿರುತ್ತದೆ. ಅದನ್ನು 0.0.0.0 ಮಾಡಿ ಎಂದು ಎಲ್ಲೆಡೆ ಬರೆದಿರುತ್ತದೆ, ನಾವು ಬರೆಯುವುದಿಲ್ಲ. ತೆರೆದ 3306ನ್ನು ಮೊದಲು ಮುಚ್ಚಿ. ಮನೆಯಿಂದ 'ಎಸ್‌ಎಸ್‌ಎಚ್ -ಎಲ್ 3307:127.0.0.1:3306' ಆದಮೇಲೆ ನಿಮ್ಮ ಯೂಸರ್ ಮತ್ತು ಸರ್ವರ್ ಹೆಸರು ಕೊಡಿ (ಇಲ್ಲಿನ 'ಎಲ್' ದೊಡ್ಡಕ್ಷರ). ಆ ಕಿಟಕಿ ತೆರೆದಿರುವವರೆಗೆ ನಿಮ್ಮ ಲ್ಯಾಪ್‌ಟಾಪಿನ 127.0.0.1, ಪೋರ್ಟ್ 3307ಕ್ಕೆ ಕನೆಕ್ಟ್ ಆದರೆ ಸರ್ವರಿನ ಡೇಟಾಬೇಸ್ ಸಿಗುತ್ತದೆ. 'ಲೋಕಲ್‌ಹೋಸ್ಟ್' ಎಂದು ಬರೆಯಬೇಡಿ, 127.0.0.1 ಎಂದೇ ಬರೆಯಿರಿ. ಲಿನಕ್ಸ್, ಮ್ಯಾಕ್‌ಗಳಲ್ಲಿ ಮೈಎಸ್‌ಕ್ಯೂಎಲ್ ಕ್ಲೈಂಟ್ ಲೋಕಲ್‌ಹೋಸ್ಟ್ ಎಂದರೆ ಪೋರ್ಟನ್ನು ಬಿಟ್ಟು ಸಾಕೆಟ್ ಫೈಲ್ ಹುಡುಕಿಕೊಂಡು ಹೋಗುತ್ತದೆ. ಮೈಎಸ್‌ಕ್ಯೂಎಲ್ ಅನ್ನು ಡಾಕರ್‌ನಲ್ಲಿ ಓಡಿಸುವವರಿಗೆ ಇನ್ನೊಂದು ಎಚ್ಚರ: ಡಾಕರ್ ಪ್ರಕಟಿಸಿದ ಪೋರ್ಟ್ ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲನ್ನು ದಾಟಿಕೊಂಡು ಹೊರಗೆ ತೆರೆದುಕೊಳ್ಳುತ್ತದೆ. ಪ್ರಕಟಿಸುವಾಗಲೇ 127.0.0.1:3306:3306 ಎಂದು ಬರೆಯಿರಿ.

ಹೆಪ್ಪುಗಟ್ಟುವುದಕ್ಕೆ ಕಾರಣ ನಡುವಿನ ನ್ಯಾಟ್ ಯಂತ್ರ, ಅಂದರೆ ಹಲವು ಯಂತ್ರಗಳನ್ನು ಒಂದೇ ಹೊರವಿಳಾಸದ ಹಿಂದೆ ಇಡುವ ರೌಟರಿನಂಥದ್ದು. ಮಾತಿಲ್ಲದ ಕನೆಕ್ಷನ್ನನ್ನು ಅದು ಕೆಲವೇ ನಿಮಿಷಕ್ಕೆ ತನ್ನ ಪಟ್ಟಿಯಿಂದ ತೆಗೆದುಹಾಕುತ್ತದೆ, ಎರಡೂ ತುದಿಗೆ ತಿಳಿಸುವುದಿಲ್ಲ. ಟಿಸಿಪಿಯದೇ ಕೀಪ್‌ಅಲೈವ್ ಇದೆಯಲ್ಲ ಎಂದರೆ, ಅದು ಮೊದಲ ಸಲ ಎಚ್ಚರವಾಗುವುದು 7200 ಸೆಕೆಂಡಿಗೆ, ಅಂದರೆ ಎರಡು ಗಂಟೆಗೆ. ನಿಮ್ಮ ಲ್ಯಾಪ್‌ಟಾಪಿನ ಎಸ್‌ಎಸ್‌ಎಚ್ ಕಾನ್ಫಿಗ್ ಕಡತದಲ್ಲಿ 'ಸರ್ವರ್‌ಅಲೈವ್‌ಇಂಟರ್ವಲ್ 60' ಮತ್ತು 'ಸರ್ವರ್‌ಅಲೈವ್‌ಕೌಂಟ್‌ಮ್ಯಾಕ್ಸ್ 3' ಎಂಬ ಎರಡು ಸಾಲು ಸೇರಿಸಿ. ನಿಮಿಷಕ್ಕೊಮ್ಮೆ ಸಣ್ಣ ಮಾತು ಹೋಗುತ್ತಿರುತ್ತದೆ. ಮೂರು ಸಲ ಉತ್ತರ ಬಾರದಿದ್ದರೆ ಕಿಟಕಿ ಹೆಪ್ಪುಗಟ್ಟಿ ಕೂರುವ ಬದಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಈಗಲೇ ಹೆಪ್ಪುಗಟ್ಟಿರುವ ಕಿಟಕಿಯಿಂದ ಹೊರಬರಲು ಎಂಟರ್ ಒತ್ತಿ, ಆಮೇಲೆ ಟಿಲ್ಡೆ ಗುರುತು, ಆಮೇಲೆ ಒಂದು ಚುಕ್ಕಿ.